ಮಣಿಕಟ್ಟಿನ ಹೃದಯಮಾಪಕ: ಅದರ ಪ್ರಾಮಾಣ್ಯವೆಷ್ಟು?

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಜಟಿಂಗ ರಾಮೇಶ್ವರ ಬೆಟ್ಟವು ಭಕ್ತರಿಗೂ ಇತಿಹಾಸಜಿಜ್ಞಾಸುಗಳಿಗೂ ಸಮಾನವಾಗಿ ಆದರಣೀಯವಾದ ತಾಣ. ರಾವಣನೊಡನೆ ಹೋರಾಡಿದ ಜಟಾಯುವು ಧರೆಗುರುಳಿದ ಸ್ಥಳವಿದೆಂದು ಐತಿಹ್ಯ. ಬಿ. ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದ ಅಶೋಕನ ಶಾಸನಗಳಲ್ಲೊಂದು ಈ ಬೆಟ್ಟದ ಬಂಡೆಯ ಮೇಲಿದೆ. ಮೆಟ್ಟಿಲುಗಳನ್ನೇರುವ ಯಾತ್ರಿಕನಿಗೆ ಏದುಸಿರು ಬರುವುದೂ ಎದೆ ಡವಗುಟ್ಟುವುದೂ ಸಹಜ. ಹಿಂದೆ ಆ ಬಡಿತವನ್ನು ಎಣಿಸುವವರು ವಿರಳರಾಗಿದ್ದರು. ಇಂದು ಕ್ರೀಡಾಗಡಿಯಾರವನ್ನು ಕಟ್ಟಿಕೊಂಡ ಯಾತ್ರಿಕನಿಗೆ ಮಣಿಕಟ್ಟಿನ ಮೇಲೆಯೇ ಅಂಕಿ ಮೂಡುತ್ತದೆ.

ಆ ಅಂಕಿಯನ್ನು ಎಷ್ಟರಮಟ್ಟಿಗೆ ನಂಬಬಹುದು? ಇದು ಕೇವಲ ಕುತೂಹಲದ ಪ್ರಶ್ನೆಯಲ್ಲ. ಅಂಕಿ ಕಡಿಮೆಯಿದೆಯೆಂದು ಎದೆನೋವನ್ನು ಅಲಕ್ಷಿಸಿ ಬೆಟ್ಟವೇರುವವನಿಗೆ ಪ್ರಾಣಾಪಾಯವುಂಟು. ಅಂಕಿ ಹೆಚ್ಚಿದೆಯೆಂದು ಕಾರಣವಿಲ್ಲದೆ ಬೆದರುವವನಿಗೆ ಮನಃಕ್ಲೇಶವುಂಟು. ಆದುದರಿಂದ ಯಂತ್ರದ ಪ್ರಾಮಾಣ್ಯವನ್ನು ವಿಚಾರಿಸುವುದು ಅವಶ್ಯ.

ನಾಡಿಪರೀಕ್ಷೆಯ ಪರಂಪರೆ

ಮಣಿಕಟ್ಟಿನಲ್ಲಿ ಹೃದಯದ ವಾರ್ತೆಯನ್ನು ಅರಸುವುದು ಹೊಸತಲ್ಲ. ಶಾರ್ಙ್ಗಧರಸಂಹಿತೆಯು ಅಂಗುಷ್ಠಮೂಲದ ನಾಡಿಯನ್ನು ಜೀವಸಾಕ್ಷಿಣಿಯೆಂದು ಕರೆಯುತ್ತದೆ. ವಾತದಲ್ಲಿ ಸರ್ಪದಂತೆ, ಪಿತ್ತದಲ್ಲಿ ಕಪ್ಪೆಯಂತೆ, ಕಫದಲ್ಲಿ ಹಂಸದಂತೆ ಅದರ ನಡೆಯಿರುವುದೆಂದು ಹೇಳುತ್ತದೆ. ನಮ್ಮ ವೈದ್ಯರು ನಾಡಿಯ ಗತಿಯನ್ನು ಗ್ರಹಿಸುವುದರಲ್ಲಿ ನಿಷ್ಣಾತರು. ಕಾಲಮಾಪನದೊಡನೆ ಅದನ್ನು ಎಣಿಸುವ ಪದ್ಧತಿಯನ್ನು ಪಶ್ಚಿಮದಲ್ಲಿ ಬಲಪಡಿಸಿದವರಲ್ಲಿ ಇಂಗ್ಲೆಂಡಿನ ವೈದ್ಯ ಜಾನ್ ಫ್ಲಾಯರ್ ಮುಖ್ಯನು. ನಾಡಿಯನ್ನೆಣಿಸಲೆಂದೇ ಒಂದು ನಿಮಿಷ ನಡೆಯುವ ಗಡಿಯಾರವನ್ನು ಮಾಡಿಸಿ, 1707ರಲ್ಲಿ ಆ ಕುರಿತು ಗ್ರಂಥವನ್ನು ಪ್ರಕಟಿಸಿದನು. ಮುಂದೆ ಹೃದಯದ ವಿದ್ಯುತ್ ಸ್ಪಂದನವನ್ನು ಬರೆದಿಡುವ ವಿಧಾನವನ್ನು ಪರಿಷ್ಕರಿಸಿದ ಡಚ್ ವಿಜ್ಞಾನಿ ಐಂತೋವನ್‌ಗೆ 1924ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಇಂದಿಗೂ ಹೃದಯದ ಬಡಿತವನ್ನಳೆಯಲು ಆ ವಿದ್ಯುಲ್ಲೇಖನವೇ, ಎಂದರೆ ಇ.ಸಿ.ಜಿ.ಯೇ, ಒರೆಗಲ್ಲು. ಕ್ರೀಡಾಪಟುಗಳು ಎದೆಗೆ ಕಟ್ಟಿಕೊಳ್ಳುವ ಪಟ್ಟಿಯೂ ಇದೇ ವಿದ್ಯುತ್ ಸಂಕೇತವನ್ನು ಗ್ರಹಿಸುತ್ತದೆ.

ಯಂತ್ರದ ಕಾರ್ಯಕ್ರಮ

ಕೈಗಡಿಯಾರದ ಮಾರ್ಗ ಬೇರೆ. ಅದು ಬಡಿತವನ್ನು ಕೇಳುವುದಿಲ್ಲ, ಸಾಮಾನ್ಯವಾಗಿ ವಿದ್ಯುತ್ತನ್ನೂ ಅಳೆಯುವುದಿಲ್ಲ. ಅದರ ತಳಭಾಗದಿಂದ ಸಾಮಾನ್ಯವಾಗಿ ಹಸಿರು ಬೆಳಕು ಚರ್ಮದೊಳಗೆ ಹೊಗುತ್ತದೆ. ರಕ್ತವು ಹಸಿರು ಬೆಳಕನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಹೃದಯವು ಸಂಕೋಚಗೊಂಡಾಗ ಚರ್ಮದ ಕಿರುನಾಳಗಳಲ್ಲಿ ರಕ್ತ ತುಂಬಿ, ಮರಳಿ ಬರುವ ಬೆಳಕು ಕುಗ್ಗುತ್ತದೆ, ರಕ್ತವಿಳಿದಾಗ ಹಿಗ್ಗುತ್ತದೆ. ಈ ಏರಿಳಿತವನ್ನು ಬೆಳಕಿನ ಗ್ರಾಹಕವು ಹಿಡಿದು, ಗಣಕವು ಎಣಿಸುತ್ತದೆ. ಈ ತತ್ತ್ವವನ್ನು 1930ರ ದಶಕದಲ್ಲಿಯೇ ಅಮೆರಿಕೆಯ ಹರ್ಟ್ಸ್‌ಮನ್ ಎಂಬ ಶರೀರಶಾಸ್ತ್ರಜ್ಞನು ಪ್ರಯೋಗಿಸಿದ್ದನು.

ತರ್ಕಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ, ಗಡಿಯಾರದ ಅಂಕಿ ಪ್ರತ್ಯಕ್ಷವಲ್ಲ, ಅನುಮಾನ. ಬೆಳಕಿನ ಏರಿಳಿತವು ಹೇತು. ಹೃದಯದ ಬಡಿತವು ಸಾಧ್ಯ. ಹೊಗೆಯಿಂದ ಬೆಂಕಿಯನ್ನು ಊಹಿಸುವುದು ಸರಿ. ಆದರೆ ಮಂಜನ್ನು ಹೊಗೆಯೆಂದು ಬಗೆದರೆ ಅನುಮಾನವು ಕೆಡುತ್ತದೆ.

ತಪ್ಪುವ ಸಂದರ್ಭಗಳು

ಇಲ್ಲಿ ಮಂಜಿನ ಸ್ಥಾನದಲ್ಲಿರುವುದು ಕೈಯ ಚಲನೆ. ತೋಳು ಬೀಸಿದಂತೆಲ್ಲ ರಕ್ತವೂ ಗಡಿಯಾರವೂ ಅಲುಗಾಡಿ, ಬೆಳಕಿನಲ್ಲಿ ಹುಸಿ ಏರಿಳಿತಗಳುಂಟಾಗುತ್ತವೆ. ಚಲನಮಾಪಕದ ನೆರವಿನಿಂದ ಇವನ್ನು ಕಳೆಯಲು ಯಂತ್ರವು ಯತ್ನಿಸುತ್ತದೆ. ಎಲ್ಲ ಕಾಲದಲ್ಲಿಯೂ ಗೆಲ್ಲುವುದಿಲ್ಲ. ಬೆಟ್ಟವೇರುವವನ ಹೃದಯವು ನಿಮಿಷಕ್ಕೆ 150 ಬಾರಿ ಮಿಡಿಯುತ್ತಿದ್ದು, ಹೆಜ್ಜೆಗಳು 110 ಇದ್ದುವೆಂದಿಟ್ಟುಕೊಳ್ಳೋಣ. ಯಂತ್ರವು ಹೆಜ್ಜೆಯನ್ನೇ ನಾಡಿಯೆಂದು ಭ್ರಮಿಸಿದರೆ 110 ಎಂದು ತೋರಿಸೀತು. ದುಡಿದು ದಣಿದ ಹೃದಯವು ನಿರಾಳವಾಗಿದೆಯೆಂಬ ಸುಳ್ಳು ವರದಿ ಅದು.

ಕಂಬಿಯನ್ನು ಬಿಗಿಹಿಡಿದು ಮಣಿಕಟ್ಟನ್ನು ಬಾಗಿಸಿದಾಗ, ಚಳಿಯಿಂದ ಚರ್ಮದ ರಕ್ತನಾಳಗಳು ಸಂಕುಚಿತವಾದಾಗ, ಪಟ್ಟಿ ಸಡಿಲವಾಗಿದ್ದಾಗ, ಗಡಿಯಾರದ ಅಡಿಯಲ್ಲಿ ದಟ್ಟವಾದ ಹಚ್ಚೆಯಿದ್ದಾಗಲೂ ಎಣಿಕೆ ತಪ್ಪಬಹುದು. ಓಟದ ವೇಗವು ಹಠಾತ್ತಾಗಿ ಬದಲಾದಾಗ ಅಂಕಿಯು ಹಲವು ಕ್ಷಣ ಹಿಂದುಳಿಯುತ್ತದೆ.

ಪರೀಕ್ಷೆಗಳ ಫಲಿತಾಂಶ

ಅಮೆರಿಕೆಯ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 60 ಜನರ ಮೇಲೆ 7 ಬಗೆಯ ಸಾಧನಗಳನ್ನು ಪರೀಕ್ಷಿಸಿ 2017ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಹೃದಯದ ಬಡಿತದಲ್ಲಿ 6 ಸಾಧನಗಳ ದೋಷವು ಶೇಕಡಾ 5ರ ಒಳಗಿತ್ತು. ನಿಜವಾದ ಬಡಿತ 160 ಇದ್ದಾಗ ಶೇಕಡಾ 5 ಎಂದರೆ 8 ಬಡಿತಗಳ ವ್ಯತ್ಯಾಸ. ಆದರೆ ವ್ಯಯವಾದ ಕ್ಯಾಲೊರಿಯ ಲೆಕ್ಕದಲ್ಲಿ ಅತ್ಯುತ್ತಮ ಸಾಧನವೂ ಸರಾಸರಿ ಶೇಕಡಾ 27ರಷ್ಟು ತಪ್ಪಿತು. ಅತ್ಯಂತ ಕಳಪೆಯಾದುದು ಶೇಕಡಾ 93ರಷ್ಟು. 2020ರಲ್ಲಿ ಪ್ರಕಟವಾದ ಡ್ಯೂಕ್ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ 53 ಜನರು ಭಾಗವಹಿಸಿದ್ದರು. ವಿಶ್ರಾಂತಿಗಿಂತ ಚಟುವಟಿಕೆಯಲ್ಲಿ ದೋಷವು ಸರಾಸರಿ ಶೇಕಡಾ 30ರಷ್ಟು ಹೆಚ್ಚಾಗಿತ್ತು. ಚರ್ಮದ ವರ್ಣಭೇದದಿಂದ ಗಣನೀಯ ವ್ಯತ್ಯಾಸವು ಆ ಅಧ್ಯಯನದಲ್ಲಿ ಕಂಡುಬರಲಿಲ್ಲ. ಒಟ್ಟಿನಲ್ಲಿ, ಕುಳಿತಾಗ ಗಡಿಯಾರವು ಬಹುಮಟ್ಟಿಗೆ ವಿಶ್ವಾಸಾರ್ಹ. ಚಲನೆ ಹೆಚ್ಚಿದಂತೆ ಎಚ್ಚರವೂ ಹೆಚ್ಚಬೇಕು.

ಸವೆದ ಶಾಸನದ ಪಾಠ

ಜಟಿಂಗ ರಾಮೇಶ್ವರದ ಶಾಸನವು ಈ ವಿಷಯದಲ್ಲಿ ಒಳ್ಳೆಯ ದೃಷ್ಟಾಂತ. ಅದಿರುವ ಬಂಡೆಗೆ ಬಳೆಗಾರರ ಗುಂಡು ಎಂಬ ಹೆಸರುಂಟು. ಜಾತ್ರೆಯಲ್ಲಿ ಬಳೆಗಾರರು ಅಲ್ಲಿ ಅಂಗಡಿ ಹೂಡುತ್ತಿದ್ದರು. ಅಕ್ಷರಗಳು ಬಹಳ ಸವೆದಿವೆ. ಆದರೂ ವಿದ್ವಾಂಸರು ಅದನ್ನೋದಿದ್ದು ಹೇಗೆ? ಸಮೀಪದ ಬ್ರಹ್ಮಗಿರಿ ಮತ್ತು ಸಿದ್ದಾಪುರಗಳಲ್ಲಿ ಅದೇ ಶಾಸನದ ಪ್ರತಿಗಳಿವೆ. ಅವುಗಳೊಡನೆ ಹೋಲಿಸಿ ಪಾಠವನ್ನು ನಿರ್ಣಯಿಸಿದರು. ಕಲ್ಲಿನಲ್ಲಿ ಕಾಣದ ಅಕ್ಷರವನ್ನು ಊಹೆಯಿಂದ ತುಂಬಿದಲ್ಲಿ ಅದನ್ನು ಕಂಸದೊಳಗಿಟ್ಟು ತೋರಿಸುವುದು ಶಾಸನಸಂಪಾದನೆಯ ಧರ್ಮ.

ಗಡಿಯಾರವೂ ಮಸುಕಾದ ಸಂಕೇತದ ನಡುವೆ ಹಲವು ಕ್ಷಣಗಳ ಸರಾಸರಿಯನ್ನು ತೆಗೆದು, ಊಹಿಸಿ ಅಂಕಿಯನ್ನು ಕೊಡುತ್ತದೆ. ಆದರೆ ಸ್ಪಷ್ಟವಾಗಿ ಕಂಡದ್ದೂ ಊಹಿಸಿದ್ದೂ ಫಲಕದಲ್ಲಿ ಸಾಮಾನ್ಯವಾಗಿ ಒಂದೇ ತೆರನಾಗಿ ಬೆಳಗುತ್ತವೆ, ಅಲ್ಲಿ ಕಂಸವಿಲ್ಲ. ಕಂಸವನ್ನು ಹಾಕಬೇಕಾದವನು ಓದುಗನೇ. ಅದಕ್ಕೆ ಬೇಕಾದ ಮತ್ತೊಂದು ಪ್ರತಿಯು ಅವನ ಬೆರಳ ತುದಿಯಲ್ಲಿಯೇ ಇದೆ.

ವಿದ್ಯಾರ್ಥಿಗಳ ಅಭ್ಯಾಸಕ್ಕೆ

1. ಗಡಿಯಾರವನ್ನು ಮಣಿಕಟ್ಟಿನ ಮೂಳೆಗಿಂತ ಒಂದು ಬೆರಳಿನಷ್ಟು ಮೇಲೆ, ನೋಯದಂತೆ ಆದರೆ ಜಾರದಂತೆ ಕಟ್ಟಬೇಕು.

2. ನಿಂತು, ತೋರುಬೆರಳು ಹಾಗೂ ಮಧ್ಯಬೆರಳನ್ನು ಹೆಬ್ಬೆರಳಿನ ಬುಡದ ನಾಡಿಯ ಮೇಲಿಟ್ಟು 15 ಸೆಕೆಂಡು ಎಣಿಸಿ, 4ರಿಂದ ಗುಣಿಸಬೇಕು. ಹೆಬ್ಬೆರಳಿನಿಂದ ಎಣಿಸಬಾರದು, ಅದರ ಸ್ವಂತ ಮಿಡಿತವು ಭ್ರಾಂತಿಯನ್ನುಂಟುಮಾಡಬಹುದು. ಈ ಎಣಿಕೆಯಲ್ಲಿ ಒಂದು ಬಡಿತ ತಪ್ಪಿದರೆ ಫಲದಲ್ಲಿ 4 ತಪ್ಪುತ್ತದೆ. ಆದುದರಿಂದ ಕುಳಿತಾಗ 30 ಸೆಕೆಂಡು ಎಣಿಸಿ ಇಮ್ಮಡಿಸುವುದು ಲೇಸು. ಶ್ರಮದ ಬಳಿಕ ಬಡಿತವು ಬೇಗನೆ ಇಳಿಯುವುದರಿಂದ ನಿಂತೊಡನೆಯೇ ಎಣಿಸಬೇಕು.

3. ಬೆರಳಿನ ಎಣಿಕೆಗೂ ಯಂತ್ರದ ಅಂಕಿಗೂ 10ಕ್ಕಿಂತ ಹೆಚ್ಚು ಅಂತರವಿದ್ದರೆ ಪಟ್ಟಿಯನ್ನು ಸರಿಪಡಿಸಿ ಮತ್ತೆ ನೋಡಬೇಕು.

4. ಎದೆನೋವು, ತಲೆಸುತ್ತು, ಕಣ್ಣು ಕತ್ತಲೆಗಟ್ಟುವುದು, ಮಿತಿಮೀರಿದ ಏದುಸಿರು ಕಂಡರೆ, ಅಂಕಿ ಏನೇ ಇರಲಿ, ಏರುವುದನ್ನು ನಿಲ್ಲಿಸಿ ಕೂಡಲೆ ವೈದ್ಯರ ನೆರವನ್ನು ಪಡೆಯಬೇಕು.

ಯಂತ್ರವನ್ನು ಹಳಿಯುವುದು ಇಲ್ಲಿನ ಉದ್ದೇಶವಲ್ಲ. ದಿನದಿನದ ವಿಶ್ರಾಂತಿಯ ನಾಡಿಯನ್ನು ಬರೆದಿಟ್ಟು, ತಿಂಗಳುಗಳ ಅಭ್ಯಾಸದ ಫಲವನ್ನು ತೋರಿಸುವಲ್ಲಿ ಅದು ನಿಜವಾಗಿ ಉಪಕಾರಿ. ಆದರೆ ಕುರುಹು ಬೇರೆ, ಅರಿವು ಬೇರೆ ಎಂಬ ಶರಣರ ವಿವೇಕವನ್ನು ಇಲ್ಲಿಯೂ ಮರೆಯಬಾರದು. ಫಲಕದ ಅಂಕಿ ಕುರುಹು. ಅದನ್ನು ಒರೆಗೆ ಹಚ್ಚಿ ತನ್ನ ದೇಹಸ್ಥಿತಿಯನ್ನು ತಿಳಿಯುವುದು ಅರಿವು. ವಿದ್ಯೆಯ ಫಲವು ಅದೇ ಆಗಿದೆ.