ಕಾಣದ ತಂತಿ

ಧ್ವನಿಯು ಗಾಳಿಯನ್ನು ಆಶ್ರಯಿಸಿ ಚಲಿಸುತ್ತದೆ. ಹೊಲದ ಈ ಬದುವಿನಲ್ಲಿ ನಿಂತು ಕೂಗಿದವನ ದನಿ ಆ ಬದುವಿನಲ್ಲಿರುವವನಿಗೆ ಕೇಳಿಸೀತು; ಊರಾಚೆಯ ಗುಡ್ಡದ ಮೇಲಿರುವವನಿಗೆ ಕೇಳಿಸದು. ಈ ಮಿತಿಯನ್ನು ಮೀರಲು ಮಾನವನು ಮೊದಲು ತಂತಿಯ ನೆರವನ್ನು ಪಡೆದನು. ಕಾಲಕ್ರಮದಲ್ಲಿ ಆ ತಂತಿಯನ್ನೂ ತೊರೆದನು. ವಿದ್ಯುತ್ಕಾಂತೀಯ ಅಲೆಗಳು ಇರುವುದು ನಿಜವೆಂಬುದನ್ನು ಜರ್ಮನಿಯ ಹೈನ್ರಿಕ್ ಹರ್ಟ್ಸ್ 1887-88ರಲ್ಲಿ ಪ್ರಯೋಗದಿಂದ ತೋರಿಸಿಕೊಟ್ಟನು. ಅದೇ ಶತಮಾನದ ಕೊನೆಯ ದಶಕದಲ್ಲಿ ನಮ್ಮವರೇ ಆದ ಜಗದೀಶಚಂದ್ರ ಬೋಸರು ಕಲ್ಕತ್ತೆಯಲ್ಲಿ ಇಂಥ ಅಲೆಗಳ ಬಲದಿಂದ ದೂರದಲ್ಲಿದ್ದ ಗಂಟೆಯನ್ನು ಬಾರಿಸಿ ನೆರೆದವರನ್ನು ಬೆರಗುಗೊಳಿಸಿದರು. ಮೈಸೂರಿನಲ್ಲಿ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವೊಂದನ್ನು ಆರಂಭಿಸಿದರು. ‘ಆಕಾಶವಾಣಿ’ ಎಂಬ ಸೊಗಸಾದ ಹೆಸರು ಮೊದಲು ಸಂದದ್ದು ಆ ಕೇಂದ್ರಕ್ಕೆ.

ಅಂದಿನ ಬಾನುಲಿಗೂ ಇಂದು ನಮ್ಮ ಮನೆಗಳಲ್ಲಿ ಬಳಕೆಯಲ್ಲಿರುವ ನಿಸ್ತಂತು ಹೆಡ್‌ಫೋನಿಗೂ ಆಧಾರವಾದ ತತ್ತ್ವ ಒಂದೇ. ಆದರೆ ಇವೆರಡರ ನಡುವೆ ಒಂದು ಮುಖ್ಯ ಭೇದವಿದೆ. ಬಾನುಲಿ ಕೇಂದ್ರವು ಡಂಗುರ ಸಾರುವವನಂತೆ. ಯಾರು ಕೇಳುತ್ತಾರೆ, ಯಾರು ಕೇಳುವುದಿಲ್ಲ ಎಂಬ ಗೊಡವೆ ಅದಕ್ಕಿಲ್ಲ. ಫೋನಿಗೂ ಹೆಡ್‌ಫೋನಿಗೂ ನಡೆಯುವ ಬ್ಲೂಟೂತ್ ವ್ಯವಹಾರವಾದರೋ ಇಬ್ಬರ ನಡುವಣ ಗುಟ್ಟಿನ ಸಂಭಾಷಣೆಯಂತೆ. ಇಬ್ಬರೂ ಒಬ್ಬರನ್ನೊಬ್ಬರು ಗುರುತಿಸಬೇಕು, ಒಪ್ಪಬೇಕು, ಒಂದೇ ಭಾಷೆಯಲ್ಲಿ ಮಾತನಾಡಬೇಕು. ಇವುಗಳಲ್ಲಿ ಯಾವುದು ತಪ್ಪಿದರೂ ಧ್ವನಿ ನಿಲ್ಲುತ್ತದೆ. ನಿಂತದ್ದು ಏಕೆಂಬುದು ಕಣ್ಣಿಗೆ ಕಾಣುವುದಿಲ್ಲ. ತಂತಿ ತುಂಡಾದರೆ ಕಾಣುತ್ತದೆ. ಕಾಣದ ತಂತಿ ತುಂಡಾದರೆ ಅದನ್ನು ಬುದ್ಧಿಯಿಂದಲೇ ಹುಡುಕಬೇಕು. ಆ ಹುಡುಕಾಟದ ಕ್ರಮವನ್ನು ತಿಳಿಯುವುದೇ ಈ ಪಾಠದ ಉದ್ದೇಶ.

ಬ್ಲೂಟೂತ್ ಎಂಬ ಹೆಸರಿನ ಹಿಂದೆ ಒಂದು ಸ್ವಾರಸ್ಯವಿದೆ. ಹತ್ತನೆಯ ಶತಮಾನದಲ್ಲಿ ಡೆನ್ಮಾರ್ಕ್ ದೇಶವನ್ನು ಆಳಿದ ಹೆರಾಲ್ಡ್ ಎಂಬ ಅರಸನಿಗೆ ‘ನೀಲಿ ಹಲ್ಲಿನವನು’ ಎಂಬ ಅಡ್ಡಹೆಸರಿತ್ತು. ಬೇರೆಬೇರೆಯಾಗಿದ್ದ ಜನರನ್ನು ಒಂದು ಆಳ್ವಿಕೆಯಡಿಯಲ್ಲಿ ಕೂಡಿಸಿದವನೆಂದು ಅವನು ಖ್ಯಾತನಾದನು. ಸ್ವೀಡನ್ನಿನ ಎರಿಕ್ಸನ್ ಸಂಸ್ಥೆಯ ಎಂಜಿನಿಯರುಗಳು 1994ರಲ್ಲಿ ಫೋನಿಗೂ ಇತರ ಉಪಕರಣಗಳಿಗೂ ತಂತಿಯಿಲ್ಲದೆ ಸಂಬಂಧ ಕಲ್ಪಿಸುವ ಕಾರ್ಯದಲ್ಲಿ ತೊಡಗಿದರು. ಬೇರೆಬೇರೆ ಯಂತ್ರಗಳನ್ನು ಒಂದುಗೂಡಿಸುವ ಈ ವ್ಯವಸ್ಥೆಗೆ ಆ ಅರಸನ ಹೆಸರು ಒಪ್ಪುತ್ತದೆಂದು 1997ರಲ್ಲಿ ಸೂಚಿಸಿದವನು ಇಂಟೆಲ್ ಸಂಸ್ಥೆಯ ಜಿಮ್ ಕಾರ್ಡಾಕ್. 1998ರಲ್ಲಿ ಎರಿಕ್ಸನ್, ಇಂಟೆಲ್, ಐಬಿಎಂ, ನೋಕಿಯಾ ಮತ್ತು ತೋಷಿಬಾ ಎಂಬ ಐದು ಸಂಸ್ಥೆಗಳು ಕೂಡಿ ಇದಕ್ಕಾಗಿ ಒಂದು ಒಕ್ಕೂಟವನ್ನು ರಚಿಸಿಕೊಂಡವು. ತಾತ್ಕಾಲಿಕವಾಗಿ ಇಟ್ಟ ಹೆಸರೇ ಶಾಶ್ವತವಾಗಿ ನಿಂತಿತು.

ಈ ಉಪಕರಣಗಳು ಸುಮಾರು 2400 ಮೆಗಾಹರ್ಟ್ಸ್‌ನಿಂದ 2483 ಮೆಗಾಹರ್ಟ್ಸ್‌ವರೆಗಿನ ಅಲೆಗಳನ್ನು ಬಳಸುತ್ತವೆ. ಹಾಡು ಕೇಳಲು ಸಾಮಾನ್ಯವಾಗಿ ಬಳಸುವ ಬಗೆಯಲ್ಲಿ ಈ ಹರವನ್ನು 79 ಓಣಿಗಳಾಗಿ ವಿಂಗಡಿಸಿದೆ. ಫೋನು ಮತ್ತು ಹೆಡ್‌ಫೋನು ಒಂದೇ ಓಣಿಯಲ್ಲಿ ನಿಲ್ಲದೆ ಸೆಕೆಂಡಿಗೆ ಗರಿಷ್ಠ 1600 ಬಾರಿ ಓಣಿಯಿಂದ ಓಣಿಗೆ ನೆಗೆಯುತ್ತವೆ. ದೊಡ್ಡ ಜಾತ್ರೆಯೊಂದರಲ್ಲಿ ಇಬ್ಬರು ಗೆಳೆಯರು ಮಾತನಾಡಬೇಕಾಗಿದೆ ಎಂದು ಭಾವಿಸಿರಿ. ಒಂದೆಡೆ ತಮಟೆ, ಇನ್ನೊಂದೆಡೆ ಕೊಂಬು. ಮೊದಲು ತೇರಿನ ಬಳಿ ಒಂದು ಮಾತು, ಬಳಿಕ ಬಳೆಯಂಗಡಿಯ ಮುಂದೆ ಒಂದು ಮಾತು, ಆಮೇಲೆ ಅರಳಿಕಟ್ಟೆಯ ಹತ್ತಿರ ಒಂದು ಮಾತು, ಹೀಗೆ ಮುಂಚೆಯೇ ಗೊತ್ತುಮಾಡಿಕೊಂಡ ಕ್ರಮದಲ್ಲಿ ಅವರು ಸ್ಥಳ ಬದಲಾಯಿಸುತ್ತ ಹೋದರೆ, ಒಂದು ಕಡೆಯ ಗದ್ದಲದಲ್ಲಿ ಒಂದು ಮಾತು ಮುಳುಗಿದರೂ ಉಳಿದವು ತಲಪುತ್ತವೆ. ಬ್ಲೂಟೂತಿನ ಉಪಾಯವೂ ಇದೇ. ಎಲ್ಲೆಲ್ಲಿ ಗದ್ದಲ ಹೆಚ್ಚೋ ಆ ಓಣಿಗಳನ್ನು ಬಿಟ್ಟು ಸಾಗುವ ಜಾಣ್ಮೆಯೂ ಈಗಿನ ಉಪಕರಣಗಳಿಗೆ ಉಂಟು.

ಇನ್ನು ದೋಷದ ವಿಚಾರ. ಮನೆಯ ನಲ್ಲಿಯಲ್ಲಿ ನೀರು ಬಾರದಿದ್ದರೆ ನಾವೇನು ಮಾಡುತ್ತೇವೆ? ತೊಟ್ಟಿಯಲ್ಲಿ ನೀರಿದೆಯೆ, ಕೊಳವೆ ಕಟ್ಟಿಕೊಂಡಿದೆಯೆ, ನಲ್ಲಿಯೇ ಕೆಟ್ಟಿದೆಯೆ ಎಂದು ಒಂದೊಂದಾಗಿ ನೋಡುತ್ತೇವೆ. ಧ್ವನಿಗೂ ಇದೇ ಕ್ರಮ ಸಲ್ಲುತ್ತದೆ. ಕಳುಹಿಸುವ ಯಂತ್ರ, ನಡುವಣ ದಾರಿ, ಸ್ವೀಕರಿಸುವ ಸಾಧನ ಎಂಬ ಈ ಮೂರರಲ್ಲಿ ದೋಷ ಎಲ್ಲಿದೆಯೆಂದು ಮೊದಲು ನಿಶ್ಚಯಿಸಬೇಕು. ಇದಕ್ಕೆ ಎರಡು ಸರಳ ಪರೀಕ್ಷೆಗಳು ಸಾಕು. ಬ್ಲೂಟೂತನ್ನು ನಿಲ್ಲಿಸಿದರೆ ಫೋನಿನ ಸ್ವಂತ ಸ್ಪೀಕರಿನಲ್ಲಿ ಹಾಡು ಕೇಳಿಸುತ್ತದೆಯೆ? ಅದೇ ಹೆಡ್‌ಫೋನು ಮತ್ತೊಂದು ಫೋನಿನೊಡನೆ ಸರಿಯಾಗಿ ಕೆಲಸ ಮಾಡುತ್ತದೆಯೆ? ಮೊದಲನೆಯದಕ್ಕೆ ‘ಇಲ್ಲ’ ಎಂಬ ಉತ್ತರ ಬಂದರೆ ಫೋನಿನ ಕಡೆಗೂ, ಎರಡನೆಯದಕ್ಕೆ ‘ಇಲ್ಲ’ ಎಂಬ ಉತ್ತರ ಬಂದರೆ ಹೆಡ್‌ಫೋನಿನ ಕಡೆಗೂ ನಮ್ಮ ದೃಷ್ಟಿ ಹರಿಯಬೇಕು. ಎರಡಕ್ಕೂ ‘ಹೌದು’ ಎಂದಾದರೆ ದೋಷವಿರುವುದು ಅವೆರಡರ ಸಂಬಂಧದಲ್ಲಿ, ಇಲ್ಲವೆ ನಡುವಣ ದಾರಿಯಲ್ಲಿ.

ಅತ್ಯಂತ ಸಾಮಾನ್ಯವಾದ ಕಾರಣಗಳು ಅತ್ಯಂತ ಸರಳವಾಗಿಯೂ ಇರುತ್ತವೆ. ಅಂಗೈಯಲ್ಲಿ ಬೆಣ್ಣೆಯಿಟ್ಟುಕೊಂಡು ತುಪ್ಪಕ್ಕಾಗಿ ಊರೆಲ್ಲ ಅಲೆದಂತೆ, ಬ್ಯಾಟರಿ ಬರಿದಾಗಿರುವುದನ್ನು ನೋಡದೆ ಅಂಗಡಿಗೆ ಓಡುವವರುಂಟು. ಆದ್ದರಿಂದ ಬ್ಯಾಟರಿಯಲ್ಲಿ ಶಕ್ತಿಯಿದೆಯೆ, ಧ್ವನಿಯ ಮಟ್ಟವನ್ನು ತಗ್ಗಿಸಿಡಲಾಗಿದೆಯೆ ಎಂಬುದನ್ನು ಮೊದಲು ನೋಡಬೇಕು. ಎಷ್ಟೋ ಉಪಕರಣಗಳಲ್ಲಿ ಧ್ವನಿಯ ಮಟ್ಟ ಫೋನಿನಲ್ಲೊಂದು, ಹೆಡ್‌ಫೋನಿನಲ್ಲೊಂದು ಹೀಗೆ ಎರಡು ಕಡೆ ಇರುತ್ತದೆ. ಕಂಪ್ಯೂಟರಿನಲ್ಲಾದರೆ ಧ್ವನಿಯು ಯಾವ ಸಾಧನಕ್ಕೆ ಹೋಗಬೇಕೆಂದು ಆರಿಸುವ ಪಟ್ಟಿಯಿದೆ. ಹೆಡ್‌ಫೋನು ಕೂಡಿಕೊಂಡಿದ್ದರೂ ಆ ಪಟ್ಟಿಯಲ್ಲಿ ಹಳೆಯ ಸ್ಪೀಕರೇ ಆಯ್ಕೆಯಾಗಿ ಉಳಿದಿದ್ದರೆ ಕಿವಿಗೆ ಏನೂ ಕೇಳಿಸದು.

ಎರಡನೆಯದು ಗುರುತಿನ ತೊಡಕು. ಎರಡು ಉಪಕರಣಗಳು ಮೊದಲ ಬಾರಿ ಪರಿಚಯವಾಗುವಾಗ ಒಂದು ಗುಪ್ತ ಕೀಲಿಯನ್ನು ಒಪ್ಪಿಕೊಂಡು, ಎರಡೂ ಅದನ್ನು ನೆನಪಿನಲ್ಲಿ ಇಟ್ಟುಕೊಳ್ಳುತ್ತವೆ. ಇದಕ್ಕೆ ಜೋಡಣೆ ಎನ್ನೋಣ. ಮುಂದೆ ಪ್ರತಿಸಲ ಭೇಟಿಯಾದಾಗ ಆ ಕೀಲಿಯಿಂದಲೇ ಪರಸ್ಪರ ಗುರುತಿಸಿ ಸಂಪರ್ಕ ಹೊಂದುತ್ತವೆ. ಜೋಡಣೆಯಾಗಿದೆ ಎಂದ ಮಾತ್ರಕ್ಕೆ ಈ ಕ್ಷಣದಲ್ಲಿ ಸಂಪರ್ಕವಿದೆ ಎಂದು ಅರ್ಥವಲ್ಲ. ಪರಿಚಯ ಬೇರೆ, ಮಾತುಕತೆ ಬೇರೆ. ಶಾಲೆಯ ವಾರ್ಷಿಕೋತ್ಸವದಲ್ಲಿ ನಾಡಗೀತೆಗೆ ಎಲ್ಲರೂ ಎದ್ದು ನಿಂತಿದ್ದಾರೆ. ಅಧ್ಯಾಪಕರ ಫೋನಿನಲ್ಲಿ ಹಾಡು ಸಿದ್ಧವಾಗಿದೆ. ಸ್ಪೀಕರು ಮಾತ್ರ ಮೌನವಾಗಿದೆ ಎಂದು ಭಾವಿಸೋಣ. ವೇದಿಕೆಯ ಮೇಲಿದ್ದವರೆಲ್ಲ ಸ್ಪೀಕರನ್ನು ತಟ್ಟಿ, ತಿರುಗಿಸಿ ನೋಡುತ್ತಾರೆ. ನಿಜವಾದ ಕಾರಣ ಸಭೆಯಲ್ಲಿ ಕುಳಿತ ಹುಡುಗನೊಬ್ಬನ ಜೇಬಿನಲ್ಲಿದೆ! ಹಿಂದಿನ ದಿನ ನೃತ್ಯದ ಅಭ್ಯಾಸಕ್ಕೆ ಆ ಸ್ಪೀಕರನ್ನು ಬಳಸಿದ್ದು ಅವನ ಫೋನು. ಸ್ಪೀಕರು ಚಾಲೂ ಆದೊಡನೆ ಹಳೆಯ ಗೆಳೆಯನನ್ನೇ ಹುಡುಕಿ ಕೂಡಿಕೊಂಡಿದೆ. ಆ ಫೋನಿನ ಬ್ಲೂಟೂತನ್ನು ನಿಲ್ಲಿಸಿದರೆ ತೊಡಕು ಬಿಡಿಸಿದಂತಾಯಿತು.

ಕೆಲವೊಮ್ಮೆ ಒಂದು ಉಪಕರಣವು ಕೀಲಿಯನ್ನು ಮರೆತಿದ್ದು, ಇನ್ನೊಂದು ಹಳೆಯ ಕೀಲಿಯನ್ನೇ ಹಿಡಿದಿರುತ್ತದೆ. ಆಗ ಎಷ್ಟು ಬಾರಿ ಯತ್ನಿಸಿದರೂ ಸಂಪರ್ಕ ಕೂಡಿಬರುವುದಿಲ್ಲ. ಫೋನಿನ ಪಟ್ಟಿಯಿಂದ ಹೆಡ್‌ಫೋನಿನ ಹೆಸರನ್ನು ಅಳಿಸಿ, ಹೆಡ್‌ಫೋನಿನಲ್ಲಿಯೂ ಹಳೆಯ ಜೋಡಣೆಯನ್ನು ತೆಗೆದುಹಾಕಿ, ಹೊಸದಾಗಿ ಪರಿಚಯ ಮಾಡಿಸಬೇಕು. ಒಂದೇ ಕಡೆ ಅಳಿಸಿದರೆ ಕೆಲಸ ಅರೆಬರೆಯಾಗಬಹುದು.

ಮೂರನೆಯದು ದಾರಿಯ ಅಡ್ಡಿ. ಹಾಡು ತುಂಡುತುಂಡಾಗಿ ಕೇಳಿಸಿದರೆ ಈ ಕಡೆ ಗಮನ ಹರಿಸಬೇಕು. ಸಾಮಾನ್ಯ ಹೆಡ್‌ಫೋನಿನ ವ್ಯಾಪ್ತಿ ಸುಮಾರು 10 ಮೀಟರ್. ನಡುವೆ ಗೋಡೆ ಬಂದರೆ ಅದೂ ಕುಗ್ಗುತ್ತದೆ. ನಮ್ಮ ದೇಹದ ಬಹುಭಾಗ ನೀರು. ನೀರು ಈ ಅಲೆಗಳನ್ನು ಹೀರಿಕೊಳ್ಳುತ್ತದೆ. ಆದುದರಿಂದಲೇ ಫೋನನ್ನು ಹಿಂದಿನ ಜೇಬಿನಲ್ಲಿಟ್ಟಾಗ ಕಡಿಯುವ ಹಾಡು ಮುಂದಿನ ಜೇಬಿಗೆ ಬಂದಾಗ ಸರಾಗವಾಗಬಹುದು. ಆಹಾರ ಬಿಸಿಮಾಡುವ ಮೈಕ್ರೋವೇವ್ ಒಲೆಯು ಸುಮಾರು 2450 ಮೆಗಾಹರ್ಟ್ಸ್ ಅಲೆಗಳಿಂದ ಕೆಲಸ ಮಾಡುತ್ತದೆ. ಮನೆಯ ವೈಫೈ ಪೆಟ್ಟಿಗೆಯೂ ಎಷ್ಟೋ ವೇಳೆ ಇದೇ ಬೀದಿಯಲ್ಲಿ ಸಂಚರಿಸುತ್ತದೆ. ಅದನ್ನು 5 ಗಿಗಾಹರ್ಟ್ಸ್‌ಗೆ ಬದಲಿಸಲು ಅವಕಾಶವಿದ್ದರೆ ಗದ್ದಲ ತಗ್ಗುತ್ತದೆ. ವೇಗದ ಯುಎಸ್‌ಬಿ ಸಾಧನಗಳು ಹೊರಸೂಸುವ ಅಲೆಗಳಿಂದಲೂ ಇಂಥ ಅಡ್ಡಿಯುಂಟಾಗುತ್ತದೆಂದು ಇಂಟೆಲ್ ಸಂಸ್ಥೆಯೇ 2012ರಲ್ಲಿ ವಿವರಿಸಿತು. ಕಂಪ್ಯೂಟರಿನ ಬ್ಲೂಟೂತ್ ತುಣುಕಿನ ಪಕ್ಕದಲ್ಲಿಯೇ ಅಂಥ ಸಾಧನವಿದ್ದರೆ ಅದನ್ನು ದೂರ ಸರಿಸಿ ನೋಡುವುದು ಲೇಸು.

ಕಂಪ್ಯೂಟರಿನಲ್ಲಿ ಮತ್ತೊಂದು ವಿಚಿತ್ರ ಕಂಡುಬರುತ್ತದೆ. ಇಂಪಾಗಿ ಕೇಳಿಸುತ್ತಿದ್ದ ಸಂಗೀತವು ಅಂತರಜಾಲದ ತರಗತಿ ಆರಂಭವಾದೊಡನೆ ಹಳೆಯ ದೂರವಾಣಿಯ ದನಿಯಂತೆ ಒರಟಾಗಿಬಿಡುತ್ತದೆ. ಇದು ಹೆಡ್‌ಫೋನು ಕೆಟ್ಟುದರ ಗುರುತಲ್ಲ. ಬಳಕೆಯಲ್ಲಿರುವ ಅನೇಕ ಹೆಡ್‌ಫೋನುಗಳಿಗೆ ಎರಡು ಕಾರ್ಯವಿಧಾನಗಳುಂಟು. ಒಂದು, ಸಂಗೀತ ಕೇಳುವುದಕ್ಕೆ. ಇದರಲ್ಲಿ ಧ್ವನಿ ಒಂದೇ ದಿಕ್ಕಿನಲ್ಲಿ ಹರಿಯುತ್ತದೆ, ಗುಣಮಟ್ಟ ಉತ್ತಮ. ಇನ್ನೊಂದು, ಮಾತುಕತೆಗೆ. ಇದರಲ್ಲಿ ಕೇಳುವುದೂ ಹೇಳುವುದೂ ಒಟ್ಟಿಗೆ ನಡೆಯಬೇಕಾದುದರಿಂದ ಇರುವ ದಾರಿಯನ್ನು ಹಂಚಿಕೊಳ್ಳಬೇಕಾಗುತ್ತದೆ, ಗುಣಮಟ್ಟ ತಗ್ಗುತ್ತದೆ. ಹೆಡ್‌ಫೋನಿನ ಮೈಕು ತೆರೆದ ಕೂಡಲೇ ಯಂತ್ರವು ಎರಡನೆಯ ವಿಧಾನಕ್ಕೆ ಹೊರಳುತ್ತದೆ. ಮಾತನಾಡಲು ಕಂಪ್ಯೂಟರಿನದೇ ಮೈಕನ್ನು ಆರಿಸಿಕೊಂಡರೆ ಕಿವಿಗೆ ಬರುವ ಧ್ವನಿ ಮತ್ತೆ ಇಂಪಾಗುತ್ತದೆ.

ತುಟಿ ಮೊದಲು ಆಡಿ ಮಾತು ಆಮೇಲೆ ಕೇಳಿಸುವುದೂ ಉಂಟು. ಧ್ವನಿಯನ್ನು ಅಂಕಿಗಳಾಗಿ ಅಡಕಮಾಡಿ, ಕಳುಹಿಸಿ, ಮತ್ತೆ ಬಿಡಿಸಲು ಸ್ವಲ್ಪ ಕಾಲ ಬೇಕು. ಈ ವಿಳಂಬ ಸೆಕೆಂಡಿನ ಹತ್ತರಲ್ಲಿ ಎರಡು ಭಾಗವಷ್ಟಾದರೆ, ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುವ ಧ್ವನಿಯ ಲೆಕ್ಕದಲ್ಲಿ 68 ಮೀಟರ್ ದೂರದಿಂದ ಕೇಳಿದಂತಾಯಿತು. ಆಟದ ಬಯಲಿನ ಆ ತುದಿಯಲ್ಲಿ ಬಟ್ಟೆ ಒಗೆಯುವವರ ಕೈ ಕೆಳಗಿಳಿದ ಮೇಲೆ ಸಪ್ಪಳ ಕೇಳಿಸುವುದಿಲ್ಲವೆ? ಹಾಗೆಯೇ ಇದು. ಇದನ್ನು ದೋಷವೆನ್ನುವುದಕ್ಕಿಂತ ಆ ವ್ಯವಸ್ಥೆಯ ಸ್ವಭಾವವೆನ್ನುವುದೇ ಸರಿ. ವಾದ್ಯ ನುಡಿಸುತ್ತ ಕೇಳಬೇಕಾದವರು ತಂತಿಯ ಹೆಡ್‌ಫೋನನ್ನು ಬಳಸುವುದೇ ಮೇಲು.

ಇಲ್ಲಿ ಪಾಲಿಸಬೇಕಾದ ನಿಯಮ ಒಂದುಂಟು: ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಬದಲಿಸಿದ ಮೇಲೆ ಫಲವನ್ನು ನೋಡಬೇಕು. ಅವಸರದಿಂದ ಹತ್ತು ಗುಂಡಿಗಳನ್ನು ಒತ್ತಿದವನಿಗೆ ಧ್ವನಿ ಮರಳಿ ಬಂದರೂ ಅದು ಏಕೆ ಬಂತೆಂಬುದು ತಿಳಿಯುವುದಿಲ್ಲ. ನಾಳೆ ಅದೇ ತೊಡಕು ಬಂದಾಗ ಅವನು ಮತ್ತೆ ಹತ್ತು ಗುಂಡಿಗಳನ್ನು ಒತ್ತಬೇಕಾಗುತ್ತದೆ. ಎರಡೂ ಯಂತ್ರಗಳನ್ನು ಒಮ್ಮೆ ನಿಲ್ಲಿಸಿ ಮತ್ತೆ ಚಾಲನೆ ಮಾಡುವುದು, ತಯಾರಕರು ಒದಗಿಸುವ ಹೊಸ ತಂತ್ರಾಂಶವನ್ನು ಅಳವಡಿಸುವುದು ಇವೂ ಉಪಯುಕ್ತವೇ. ಆದರೆ ಬ್ಯಾಟರಿ ಉಬ್ಬಿದ್ದರೆ ಅಥವಾ ಉಪಕರಣ ಅತಿಯಾಗಿ ಬಿಸಿಯಾಗುತ್ತಿದ್ದರೆ ಪ್ರಯೋಗವನ್ನು ಅಲ್ಲಿಗೇ ನಿಲ್ಲಿಸಬೇಕು. ಲಿಥಿಯಂ ಬ್ಯಾಟರಿ ಬೆಂಕಿ ಹೊತ್ತಿಕೊಳ್ಳುವ ಅಪಾಯವಿರುವುದರಿಂದ ಅದನ್ನು ಬಿಚ್ಚದೆ ತಿಳಿದವರಿಗೆ ಒಪ್ಪಿಸಬೇಕು.

ಹಾಡು ನಿಂತರೆ ಏನು ಮಹಾ ನಷ್ಟ ಎಂದು ನೀವು ಕೇಳಬಹುದು. ಈಗಿನ ಅನೇಕ ಶ್ರವಣಸಾಧನಗಳು ಬ್ಲೂಟೂತ್ ಮೂಲಕ ಫೋನಿನೊಡನೆ ಕೂಡಿಕೊಳ್ಳುತ್ತವೆ. ಮನೆಯ ಅಜ್ಜಿಗೆ ದೂರದೂರಿನಿಂದ ಮಗಳ ಕರೆ ಬರುತ್ತದೆ. ಸಂಪರ್ಕ ಕಡಿದಿರುವುದರಿಂದ ಮಗಳ ಮಾತು ಅಜ್ಜಿಯ ಕಿವಿಯನ್ನು ಮುಟ್ಟುವುದಿಲ್ಲ. ‘ಅಮ್ಮನಿಗೆ ಕಿವಿ ಇನ್ನಷ್ಟು ಮಂದವಾಯಿತು’ ಎಂದು ಆ ಕಡೆಯವರು ಕೊರಗುತ್ತಾರೆ. ‘ಮಗಳು ನನ್ನೊಡನೆ ಮಾತನ್ನೇ ಆಡುವುದಿಲ್ಲ’ ಎಂದು ಈ ಕಡೆ ಅಜ್ಜಿ ನೊಂದುಕೊಳ್ಳುತ್ತಾಳೆ. ಅಂತರಜಾಲದ ತರಗತಿಯಲ್ಲಿ ಉತ್ತರ ಕೊಡದ ವಿದ್ಯಾರ್ಥಿಯನ್ನು ಅಲಕ್ಷ್ಯದವನೆಂದು ಗದರಿಸುವುದೂ ಹೀಗೆಯೇ. ಅವನು ಉತ್ತರ ಹೇಳಿರಬಹುದು. ಅವನ ಮೈಕು ಅದನ್ನು ಕಳುಹಿಸದೆ ಇದ್ದಿರಬಹುದು. ಯಂತ್ರದ ಸಣ್ಣ ದೋಷವನ್ನು ನಾವು ಮನುಷ್ಯರ ದೋಷವೆಂದು ತಿಳಿದಾಗ ಆಗುವ ಗಾಯವು ಹೆಡ್‌ಫೋನಿನ ಬೆಲೆಗಿಂತ ದೊಡ್ಡದು.

ಆದ್ದರಿಂದ ಧ್ವನಿ ನಿಂತಾಗ ಉಪಕರಣವನ್ನು ಎಸೆಯುವ ಮುನ್ನ, ಎದುರಿನವರ ಮೇಲೆ ಬೇಸರಿಸುವ ಮುನ್ನ, ಮೂಲದಿಂದ ಕಿವಿಯವರೆಗಿನ ದಾರಿಯನ್ನು ಹಂತಹಂತವಾಗಿ ನಡೆದು ನೋಡಬೇಕು. ನಿಮ್ಮ ಮನೆಯಲ್ಲಿ ವಯಸ್ಸಾದವರೊಬ್ಬರ ಕಿವಿಗೆ ಅವರ ಮಕ್ಕಳ ಮಾತನ್ನು ಮರಳಿ ತಲಪಿಸಲು ಹತ್ತು ನಿಮಿಷದ ತಾಳ್ಮೆ ಸಾಕು. ಆ ಹತ್ತು ನಿಮಿಷವನ್ನು ಕೊಡಬಲ್ಲವರು ನೀವೇ.

ಅಭ್ಯಾಸ

1. ಬಾನುಲಿಗೂ ಬ್ಲೂಟೂತಿಗೂ ಇರುವ ಭೇದವನ್ನು ಲೇಖಕರು ಹೇಗೆ ವಿವರಿಸಿದ್ದಾರೆ?
2. ದೋಷವಿರುವ ಸ್ಥಳವನ್ನು ಗುರುತಿಸಲು ಹೇಳಿರುವ ಎರಡು ಪರೀಕ್ಷೆಗಳು ಯಾವುವು? ಅವುಗಳಿಂದ ಏನು ತಿಳಿಯುತ್ತದೆ?
3. ‘ಪರಿಚಯ ಬೇರೆ, ಮಾತುಕತೆ ಬೇರೆ.’ ಈ ಮಾತನ್ನು ಸಂದರ್ಭದೊಡನೆ ವಿವರಿಸಿರಿ.
4. ತರಗತಿ ಆರಂಭವಾದೊಡನೆ ಹೆಡ್‌ಫೋನಿನ ಧ್ವನಿ ಒರಟಾಗುವುದೇಕೆ?
5. ನಿಮ್ಮ ಮನೆಯ ಯಾವುದಾದರೂ ಒಂದು ಉಪಕರಣದ ದೋಷವನ್ನು ಹಂತಹಂತವಾಗಿ ಪತ್ತೆಹಚ್ಚುವ ಕ್ರಮವನ್ನು ಹತ್ತು ವಾಕ್ಯಗಳಲ್ಲಿ ಬರೆಯಿರಿ.