ಐದು ದೀಪಗಳ ಭೂತ, ಭವಿಷ್ಯ

ಎಸೆದ ಚೆಂಡಿನ ಈ ಕ್ಷಣದ ಸ್ಥಾನವನ್ನೂ ವೇಗವನ್ನೂ ಬಲ್ಲೆವಾದರೆ, ನ್ಯೂಟನ್ನನ ನಿಯಮಗಳ ನೆರವಿನಿಂದ ಅದರ ಮುಂದಿನ ಹಾದಿಯನ್ನಲ್ಲದೆ ಹಿಂದಿನ ಹಾದಿಯನ್ನೂ ಲೆಕ್ಕಹಾಕಬಹುದು. ನಿಯಮವು ಖಚಿತವಾಗಿದ್ದಲ್ಲಿ ಭೂತ, ಭವಿಷ್ಯ ಎರಡನ್ನೂ ತಿಳಿಯಬಹುದೆಂದು ನಾವು ನಂಬುವುದು ಸಹಜ. ಈ ನಂಬಿಕೆ ಎಲ್ಲೆಡೆಯೂ ನಿಲ್ಲುವುದೇ? ಪರೀಕ್ಷಿಸೋಣ.

ನಾಲ್ಕು ದೀಪಗಳನ್ನು ವೃತ್ತಾಕಾರವಾಗಿ ಜೋಡಿಸಿರುವೆವೆಂದು ಭಾವಿಸೋಣ. ಉರಿಯುವ ದೀಪಕ್ಕೆ 1, ಆರಿದ ದೀಪಕ್ಕೆ 0 ಎಂದು ಬರೆಯೋಣ. ಇಲ್ಲಿ ಕಾಲವು ಹೊಳೆಯಂತೆ ಹರಿಯದೆ ಹೆಜ್ಜೆ ಹೆಜ್ಜೆಯಾಗಿ ಸಾಗುತ್ತದೆ. ಪ್ರತಿ ಹೆಜ್ಜೆಯಲ್ಲಿಯೂ ದೀಪಗಳೆಲ್ಲ ಏಕಕಾಲದಲ್ಲಿ ಬದಲಾಗುತ್ತವೆ. ನಿಯಮ ಒಂದೇ: ಎಡಬಲದ ನೆರೆದೀಪಗಳಲ್ಲಿ ಒಂದು ಮಾತ್ರ ಉರಿಯುತ್ತಿದ್ದರೆ ನಡುವಿನ ದೀಪವು ಮುಂದಿನ ಹೆಜ್ಜೆಯಲ್ಲಿ ಉರಿಯುವುದು, ಎರಡೂ ಉರಿಯುತ್ತಿದ್ದರೆ, ಅಥವಾ ಎರಡೂ ಆರಿದ್ದರೆ, ಅದು ಆರಿರುವುದು.

1000 ಎಂಬ ಸ್ಥಿತಿಯಿಂದ ಹೊರಡೋಣ. ಮೊದಲ ಹೆಜ್ಜೆಗೆ 0101, ಎರಡನೆಯದಕ್ಕೆ 0000, ಎಲ್ಲವೂ ಕತ್ತಲೆ! ಇದು ಆಕಸ್ಮಿಕವಲ್ಲ. ನಾಲ್ಕು ದೀಪಗಳಿಗೆ ಒಟ್ಟು 16 ಸ್ಥಿತಿಗಳುಂಟು. ಯಾವುದರಿಂದ ಹೊರಟರೂ ಎರಡು ಹೆಜ್ಜೆಗಳೊಳಗೆ ಕತ್ತಲೆಯೇ ಗತಿ. ಏಕೆಂದರೆ ಪ್ರತಿ ದೀಪದ ಪ್ರಭಾವವೂ ಎರಡು ಹೆಜ್ಜೆಗಳಲ್ಲಿ ಎಡದಿಂದ ಒಮ್ಮೆ, ಬಲದಿಂದ ಒಮ್ಮೆ ಬಳಸಿಬಂದು ಒಂದೇ ಎಡೆಯಲ್ಲಿ ಸಂಧಿಸುತ್ತದೆ. ನಿಯಮದಂತೆ ಒಂದನ್ನೊಂದು ಅಳಿಸುತ್ತದೆ.

ಇನ್ನೊಂದು ದೀಪವನ್ನು ಸೇರಿಸೋಣ. ಈಗ 10000 ಎಂಬುದು 01001 ಆಗಿ, ಬಳಿಕ 00110, 01111 ಆಗಿ, ಮರಳಿ 01001ಕ್ಕೇ ಬರುತ್ತದೆ. ಈ ಮೂರು ಸ್ಥಿತಿಗಳ ಚಕ್ರಕ್ಕೆ ಕೊನೆಯೇ ಇಲ್ಲ. ಒಟ್ಟು 32 ಸ್ಥಿತಿಗಳಲ್ಲಿ 00000, 11111 ಇವೆರಡನ್ನುಳಿದು ಮಿಕ್ಕವೆಲ್ಲವೂ ಇಂತಹ ಐದು ಚಕ್ರಗಳಲ್ಲಿ ಯಾವುದಾದರೊಂದನ್ನು ಸೇರುತ್ತವೆ. ಸ್ಥಿತಿಗಳ ಸಂಖ್ಯೆ ಪರಿಮಿತವಾದುದರಿಂದ, ಹಿಂದೆ ಕಂಡ ಸ್ಥಿತಿ ಒಂದಲ್ಲ ಒಂದು ದಿನ ಮರುಕಳಿಸಲೇಬೇಕು. ಮರುಕಳಿಸಿದ ಮೇಲೆ ಅದೇ ದಾರಿಯನ್ನೇ ತುಳಿಯಬೇಕು.

ಇನ್ನು ಹಿಂದಿರುಗಿ ನೋಡೋಣ. ಈಗಿನ ಸ್ಥಿತಿ 01001 ಆಗಿದ್ದರೆ, ಹಿಂದಿನದು ಯಾವುದು? 10000 ಆಗಿರಬಹುದು, 01111 ಕೂಡ ಆಗಿರಬಹುದು. ನಿಯಮವನ್ನು ಪೂರ್ಣವಾಗಿ ಬಲ್ಲೆವು, ಆದರೂ ನಿರ್ಣಯಿಸಲಾರೆವು. ಭವಿಷ್ಯ ಒಂದೇ, ಭೂತ ಮಾತ್ರ ಎರಡು!

ಇದು ಬರಿಯ ಆಟವಲ್ಲ. 1969ರಲ್ಲಿ ಅಮೆರಿಕದ ಸ್ಟುವರ್ಟ್ ಕಾಫ್‌ಮನ್ ಅವರು ಜೀನುಗಳನ್ನು ಹೀಗೆಯೇ ಉರಿಯುವ, ಆರುವ ದೀಪಗಳಂತೆ ಕಲ್ಪಿಸಿಕೊಂಡು, ಇಂತಹ ಒಂದೊಂದು ಚಕ್ರವೂ ಒಂದೊಂದು ಬಗೆಯ ಜೀವಕೋಶಕ್ಕೆ ಸಮನಾಗಿರಬಹುದೆಂದು ಸೂಚಿಸಿದರು. ಒಂದೇ ಜೀನುಗಳನ್ನುಳ್ಳ ಕೋಶಗಳು ನರವಾಗಿಯೂ ಚರ್ಮವಾಗಿಯೂ ಬೇರ್ಪಡುವ ಬಗೆಯನ್ನು ಅರಿಯಲು ಅದೊಂದು ದಾರಿಯಾಯಿತು.

ದೀಪಗಳ ಸಂಖ್ಯೆಯನ್ನು 6 ಮಾಡಿ 100000 ಎಂಬುದರಿಂದ ಹೊರಟರೆ ಕೊನೆಗೆ ದೊರೆಯುವುದು ಕತ್ತಲೆಯೋ, ಚಕ್ರವೋ? ಓದುಗರು ಕಾಗದ, ಪೆನ್ಸಿಲುಗಳನ್ನು ಕೈಗೆತ್ತಿಕೊಂಡು ತಾವೇ ಕಂಡುಕೊಳ್ಳಲಿ.