ಹಳೆಯ ಆಟ ಹೋಯಿತು, ಹತ್ತಿಯ ದಿನವೂ ತಪ್ಪಿತು

ಪ್ರಶ್ನೆ: ನನಗೆ 25 ವರ್ಷ. ಆದೋನಿಯಿಂದ ಕೌತಾಳಂ ಕಡೆಗೆ ಬರುವ ಒಂದು ಹಳ್ಳಿ ನಮ್ಮದು. ಬಿ.ಕಾಂ. ಮುಗಿಸಿ ಅಪ್ಪನ ಜೊತೆ ಹೊಲ ನೋಡಿಕೊಂಡಿದ್ದೇನೆ. ಕಾಲೇಜಿನಲ್ಲಿದ್ದಾಗ ಕೊಂಡ ಹಳೆಯ ಲ್ಯಾಪ್‌ಟಾಪಿನಲ್ಲಿ ‘ಫುಟ್‌ಬಾಲ್ ಮ್ಯಾನೇಜರ್’ ಎಂಬ, ತಂಡ ನಡೆಸುವ ಆಟ ಆಡುತ್ತೇನೆ. 2024ರ ಆವೃತ್ತಿಯಲ್ಲಿ ಬೆಂಗಳೂರು ಎಫ್‌ಸಿ ತಂಡವನ್ನು ಎರಡು ವರ್ಷ ನಡೆಸಿದೆ, ಆಟದೊಳಗೆ ಹದಿನಾಲ್ಕು ಸೀಸನ್. ನವೆಂಬರ್‌ನಲ್ಲಿ ಕೂಡಿಟ್ಟ ದುಡ್ಡು ಹಾಕಿ ಹೊಸ ಆವೃತ್ತಿ ಕೊಂಡೆ. ಜಾಗ ಸಾಲದೆ ಹಳೆಯದನ್ನು ಅಳಿಸಿದೆ, ನನ್ನ ತಂಡದ ಸೇವ್ ಕೂಡ ಹೋಯಿತು. ಹೊಸದರಲ್ಲಿ ಏನು ಎಲ್ಲಿದೆ ಅನ್ನೋದೇ ತಿಳಿಯುತ್ತಿಲ್ಲ, ಬರೀ ಸೋಲು. ಹಟಕ್ಕೆ ಬಿದ್ದು ಒಂದು ರಾತ್ರಿ ಬೆಳಗಿನ ಜಾವದ ತನಕ ಕೂತೆ. ಅವತ್ತೇ ಸಿಸಿಐಗೆ (ಭಾರತೀಯ ಹತ್ತಿ ನಿಗಮಕ್ಕೆ) ಹತ್ತಿ ಹಾಕಲು ನಮಗೆ ದಿನ ಸಿಕ್ಕಿತ್ತು. ಟ್ರ್ಯಾಕ್ಟರ್ ಕರೆಸುವ ಕೆಲಸ ನನ್ನದು. ಎದ್ದಾಗ ಹನ್ನೊಂದು ಗಂಟೆ. ಇನ್ನೊಂದು ದಿನ ಸಿಗುವವರೆಗೆ ಕಾಯಲಾಗದೆ ಅಪ್ಪ 11 ಕ್ವಿಂಟಲ್ ಹತ್ತಿಯನ್ನು 6,900 ರೂಪಾಯಿಗೆ ಹೊರಗೆ ಮಾರಿದರು. ‘ಜೂಜಾಡೋನಿಗೂ ನಿನಗೂ ಏನು ವ್ಯತ್ಯಾಸ’ ಅಂದರು. ಆಮೇಲೆ ಮಾತೇ ಇಲ್ಲ. ಒಂಬತ್ತನೇ ಕ್ಲಾಸಿನ ತಂಗಿ ಹೊಸ ಆಟದಲ್ಲಿ ಹೆಣ್ಣುಮಕ್ಕಳ ತಂಡ ಇದೆಯಂತೆ ಅಂತ ನೋಡೋಕೆ ಬಂದು ಪಕ್ಕ ಕೂತರೆ ಅವಳ ಮೇಲೂ ಕೂಗಾಡಿದೆ. ರಾತ್ರಿ ಆ ಹಳೆಯ ತಂಡ ನೆನಪಾದರೆ ಕಣ್ಣಲ್ಲಿ ನೀರು ಬರುತ್ತದೆ. ಒಂದು ಆಟಕ್ಕೆ ಯಾರಾದರೂ ಅಳುತ್ತಾರಾ? ನನಗೇನಾದರೂ ಆಗಿದೆಯೇ?

ಹೆಸರು ಬೇಡ, ಆದೋನಿ ತಾಲ್ಲೂಕು

ಉತ್ತರ: ಅಳುತ್ತಾರೆ. ಎರಡು ವರ್ಷ ದಿನವೂ ಕೈಯಾಡಿಸಿದ ಕೆಲಸ ಒಂದು ಕ್ಷಣದಲ್ಲಿ ಅಳಿಸಿಹೋದರೆ ಯಾರಿಗಾದರೂ ಕರುಳು ಚುರ್ ಎನ್ನುತ್ತದೆ. ಎಳೆಯ ಹುಡುಗನಾಗಿ ನೀವು ತಂದುಕೊಂಡ ಆಟಗಾರ ಮೂವತ್ತು ದಾಟಿ ನಿವೃತ್ತನಾಗುವುದನ್ನು ನೋಡಿರುತ್ತೀರಿ. ಯಾರನ್ನು ಯಾವಾಗ ಬೆಂಚಿನಲ್ಲಿ ಕೂರಿಸಿದರೆ ಮುನಿಸಿಕೊಳ್ಳುತ್ತಾನೆ ಎಂಬುದೂ ನಿಮಗೆ ಗೊತ್ತಿತ್ತು. ಅವರು ನಿಜವಾದ ಮನುಷ್ಯರಲ್ಲದಿರಬಹುದು, ನೀವು ಕೊಟ್ಟ ಗಮನ ನಿಜ. ಆ ಕಣ್ಣೀರಿಗೆ ನಾಚಬೇಡಿ.

ಇನ್ನೊಂದು ಮಾತು. ಹೊಸದರಲ್ಲಿ ದಿಕ್ಕು ತೋಚದಂತಾದವರು ನೀವೊಬ್ಬರೇ ಅಲ್ಲ. 2025ರ ಆವೃತ್ತಿಯನ್ನು ತಯಾರಕರು ಎರಡು ಸಲ ಮುಂದೂಡಿ, ಗುಣಮಟ್ಟ ತಮಗೇ ಒಪ್ಪಿಗೆಯಾಗದೆ ಆ ವರ್ಷದ ಫೆಬ್ರುವರಿಯಲ್ಲಿ ಕೈಬಿಟ್ಟರು. ಅದೇ ವರ್ಷ ನವೆಂಬರ್ 4ರಂದು ಬಂದ ಹೊಸ ಆವೃತ್ತಿ ಯೂನಿಟಿ ಎಂಬ ಬೇರೆಯೇ ಎಂಜಿನ್ ಮೇಲೆ ಕಟ್ಟಿದ್ದು. ಆಟದಲ್ಲಿ ನೀವು ಮೊದಲು ತೆರೆಯುತ್ತಿದ್ದ ಇನ್‌ಬಾಕ್ಸ್ ಹೋಗಿ ಪೋರ್ಟಲ್ ಬಂದಿದೆ. ಚೆಂಡು ನಮ್ಮ ಬಳಿ ಇದ್ದಾಗ ಒಂದು ವ್ಯೂಹ, ಎದುರಾಳಿಯ ಬಳಿ ಇದ್ದಾಗ ಇನ್ನೊಂದು ವ್ಯೂಹ ಎಂದು ಎರಡನ್ನೂ ಬೇರೆ ಬೇರೆ ಹೂಡಬೇಕು. ಹತ್ತಾರು ವರ್ಷ ಆಡಿದವರೇ ಇದರ ಮೆನುಗಳ ಬಗ್ಗೆ ಬೇಸರಪಟ್ಟಿದ್ದಾರೆ. ನಿಮ್ಮ ಸೋಲುಗಳಿಗೆ ನಿಮ್ಮ ದಡ್ಡತನ ಕಾರಣವಲ್ಲ.

ಈಗ ಹತ್ತಿಯ ವಿಷಯ. ನಿಮ್ಮ ಪತ್ರದಲ್ಲಿ ಎರಡು ನೋವು ಒಂದಕ್ಕೊಂದು ಗಂಟು ಬಿದ್ದಿವೆ. ಹತ್ತಿ ಹಾಕುವ ದಿನ ತಪ್ಪಿಸಿದ ಅಪರಾಧಭಾವ ಒಂದು, ತಂಡ ಕಳೆದುಕೊಂಡ ದುಃಖ ಇನ್ನೊಂದು. ಎರಡನೆಯದು ‘ಚಿಲ್ಲರೆ’ ಎಂದು ನಿಮಗೆ ನೀವೇ ಹೇಳಿಕೊಂಡು ಬಚ್ಚಿಟ್ಟಿರಿ. ಬಚ್ಚಿಟ್ಟದ್ದು ರಾತ್ರಿಗೆ ಸರಿಯಿತು, ರಾತ್ರಿಯ ಎಚ್ಚರ ಬೆಳಗಿನ ಕೆಲಸವನ್ನು ತಿಂದುಹಾಕಿತು. ಆದ್ದರಿಂದ ಮೊದಲು ಇವೆರಡನ್ನೂ ಬಿಡಿಸಿ ನೋಡೋಣ.

ಅಪರಾಧಭಾವಕ್ಕೆ ಒಂದು ಅಳತೆ ಬೇಕು, ಇಲ್ಲದಿದ್ದರೆ ಅದು ಬೆಳೆಯುತ್ತಲೇ ಹೋಗುತ್ತದೆ. 2025-26ರ ಹಂಗಾಮಿನಲ್ಲಿ ಉದ್ದ ಎಳೆಯ ಹತ್ತಿಗೆ ಬೆಂಬಲ ಬೆಲೆ ಕ್ವಿಂಟಲ್‌ಗೆ 8,110 ರೂಪಾಯಿ ಇತ್ತು. ನಿಮ್ಮದು 6,900ಕ್ಕೆ ಹೋಯಿತು. 11 ಕ್ವಿಂಟಲ್‌ಗೆ ಹೆಚ್ಚೆಂದರೆ 13,310 ರೂಪಾಯಿ ವ್ಯತ್ಯಾಸ. ಹೆಚ್ಚೆಂದರೆ ಎನ್ನಲು ಕಾರಣವಿದೆ: ತೇವಾಂಶ ನೂರಕ್ಕೆ 8ರೊಳಗಿದ್ದರೆ ಮಾತ್ರ ಸಿಸಿಐ ಪೂರ್ತಿ ದರ ಕೊಡುತ್ತದೆ, ಅಲ್ಲಿಂದ 12ರವರೆಗೆ ಕಡಿತ, 12 ದಾಟಿದರೆ ಕೊಳ್ಳುವುದೇ ಇಲ್ಲ. ನಿಮ್ಮ ಹತ್ತಿಯ ತೇವ ಎಷ್ಟಿತ್ತು ಎಂಬುದು ನಿಮಗೂ ನಿಮ್ಮ ಅಪ್ಪನಿಗೂ ಗೊತ್ತಿರುತ್ತದೆ. ನಿಮ್ಮಂಥವರ ಮನೆಗೆ ಇದು ಸಣ್ಣ ಮೊತ್ತವಲ್ಲ, ಸಣ್ಣದೆಂದು ನಾನು ಹೇಳುವುದೂ ಇಲ್ಲ. ಆದರೆ ಇದು ಎಣಿಸಬಹುದಾದ ಮೊತ್ತ, ತುಂಬಿಕೊಡಬಹುದಾದ ಮೊತ್ತ. ನಿಮ್ಮ ಇಡೀ ಬಾಳು ಹಾಳಾಯಿತೆಂಬ ತೀರ್ಪು ಆ ಲೆಕ್ಕದಲ್ಲಿ ಎಲ್ಲೂ ಇಲ್ಲ.

ತಂಡದ ದುಃಖದ ಹಿಂದೆ ನನಗೆ ಬೇರೆಯದೂ ಕಾಣುತ್ತಿದೆ, ತಪ್ಪಿದ್ದರೆ ತಿದ್ದಿ. ಡಿಗ್ರಿ ಮುಗಿಸಿ ಊರಿಗೆ ಬಂದಿದ್ದೀರಿ. ಜೊತೆಯಲ್ಲಿ ಓದಿದವರಲ್ಲಿ ಹಲವರು ಬೆಂಗಳೂರು, ಹೈದರಾಬಾದ್ ಸೇರಿರುತ್ತಾರೆ. ನಿಮ್ಮ ಭಾಗದ ಹಳ್ಳಿಗಳಲ್ಲಿ ಹಂಗಾಮು ಬಂತೆಂದರೆ ಮೆಣಸಿನಕಾಯಿ ಬಿಡಿಸಲು ಗುಂಟೂರಿಗೆ ಸಂಸಾರ ಸಮೇತ ಹೊರಟುಬಿಡುತ್ತಾರೆ, ಓಣಿಗೆ ಓಣಿಯೇ ಬೀಗ ಹಾಕಿರುತ್ತದೆ. ಹೊಲದಲ್ಲಿ ಯಾವ ಬೀಜ, ಯಾವಾಗ ಔಷಧಿ, ಯಾರಿಗೆ ಮಾರಾಟ ಎಂಬ ತೀರ್ಮಾನವೆಲ್ಲ ಅಪ್ಪನದೇ ಇದ್ದೀತು. ಇಡೀ ದಿನದಲ್ಲಿ ನಿಮ್ಮ ಮಾತು ನಡೆಯುತ್ತಿದ್ದ ಜಾಗ ಆ ಲ್ಯಾಪ್‌ಟಾಪ್ ಒಂದೇ. ಅಲ್ಲಿ ನೀವು ಹೇಳಿದಂತೆ ಹನ್ನೊಂದು ಜನ ಆಡುತ್ತಿದ್ದರು. ನಿಜವಾದ ಬೆಂಗಳೂರು ತಂಡಕ್ಕೂ ಆಗ ಲೀಗ್ ಆಟವಿರಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಶುರುವಾಗಬೇಕಿದ್ದ ದೇಶದ ದೊಡ್ಡ ಫುಟ್‌ಬಾಲ್ ಲೀಗ್ ಐಎಸ್‌ಎಲ್ ಡಿಸೆಂಬರ್ ಮುಗಿದರೂ ಶುರುವಾಗಲಿಲ್ಲ. 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಈ ಬೆಂಗಳೂರು ತಂಡ. ಅದು ನಿಮ್ಮ ಕೋಣೆಯಲ್ಲಾದರೂ ಆಡುತ್ತಿತ್ತು. ಹೊಸ ಆವೃತ್ತಿ ಆ ಜಾಗವನ್ನೂ ಕಿತ್ತುಕೊಂಡು ಅಲ್ಲಿಯೂ ನಿಮ್ಮನ್ನು ಹೊಸಬನನ್ನಾಗಿ ಮಾಡಿತು. ನೀವು ಹಟಕ್ಕೆ ಬಿದ್ದದ್ದು ಅದಕ್ಕೇ ಎಂದು ನನಗೆ ಅನಿಸುತ್ತದೆ.

ಹಾಗಿದ್ದರೆ ಬೇಕಿರುವುದು ನಿಮ್ಮ ತೀರ್ಮಾನಕ್ಕೂ ಬೆಲೆ ಇರುವ ಇನ್ನೊಂದು ಜಾಗ. ಅದು ಮನೆಯಲ್ಲೇ ಸಿಗಬಹುದು. ಅದಕ್ಕೆ ಮೊದಲು ಅಪ್ಪನ ಜೊತೆ ಮಾತು ಆಗಬೇಕು.

ಸಂಜೆ ಊಟದ ಹೊತ್ತು ಬೇಡ, ಹೊಲದಲ್ಲಿ ಇಬ್ಬರೇ ಇರುವಾಗ ಹೇಳಿ. ಆಟದ ಸಮರ್ಥನೆಯಿಂದ ಶುರು ಮಾಡಬೇಡಿ. ‘ಅಪ್ಪಾ, ಅವತ್ತು ನಾನು ಏಳಲಿಲ್ಲ, ತಪ್ಪು ನನ್ನದೇ. ಎಷ್ಟು ಲುಕ್ಸಾನಾಯಿತು ಲೆಕ್ಕ ಹಾಕಿದ್ದೀನಿ, ನೀನೂ ಒಮ್ಮೆ ನೋಡು. ತಿಂಗಳು ತಿಂಗಳು ಇಷ್ಟಿಷ್ಟು ತೀರಿಸ್ತೀನಿ’ ಅನ್ನಿ. ಅಷ್ಟು ಹೇಳಿ ಸುಮ್ಮನಾಗಿ. ಅವರು ಬೈದರೆ ಬೈಸಿಕೊಳ್ಳಿ, ಆ ಸಿಟ್ಟಿನ ಕೆಳಗೆ ಗಾಬರಿ ಇರುತ್ತದೆ. ಜೂಜಿನ ಮಾತನ್ನು ಬೇರೆ ದಿನ ಬಿಡಿಸಿ ಹೇಳಿ. ಹಣ ಕಟ್ಟಿ ಆಡುವ ಆಟಗಳನ್ನು ಆಂಧ್ರ ಸರ್ಕಾರ 2020ರಲ್ಲೇ ನಿಷೇಧಿಸಿತು, 2025ರ ಆಗಸ್ಟ್‌ನಲ್ಲಿ ಸಂಸತ್ತು ದೇಶಕ್ಕೆಲ್ಲ ಅನ್ವಯಿಸುವ ಕಾನೂನು ಮಾಡಿತು. ಅಂಥ ಆಟಗಳಿಂದ ಮನೆ ಕಳೆದುಕೊಂಡವರ ಸುದ್ದಿ ಅಪ್ಪನ ಕಿವಿಗೂ ಬಿದ್ದಿರುತ್ತದೆ. ನಿಮ್ಮದು ಒಮ್ಮೆ ದುಡ್ಡು ಕೊಟ್ಟು ಕೊಳ್ಳುವ ಆಟ, ಪಣವಿಲ್ಲ ಎಂದು ತಿಳಿದರೆ ಅವರ ಎದೆಯ ಭಾರ ಅರ್ಧ ಇಳಿದೀತು. ಆದರೆ ‘ಜೂಜಲ್ಲವಲ್ಲ’ ಎಂಬುದು ಬೆಳಗಿನವರೆಗೆ ಕೂರಲು ಪರವಾನಗಿ ಆಗಬಾರದು. ಈ ವಿಷಯದಲ್ಲಿ ನಾನು ನಿಮ್ಮ ಅಪ್ಪನ ಪಕ್ಷ.

ಆಮೇಲೆ ಒಂದು ಕೆಲಸ ಕೇಳಿ ಪಡೆಯಿರಿ. 2025-26ರ ಹಂಗಾಮಿನಿಂದ ಸಿಸಿಐಗೆ ಹತ್ತಿ ಹಾಕಬೇಕಾದರೆ ಕಪಾಸ್ ಕಿಸಾನ್ ಆ್ಯಪ್‌ನಲ್ಲಿ ಹೆಸರು ನೋಂದಾಯಿಸಿ, ದಿನ ಕಾಯ್ದಿರಿಸಬೇಕು. ನಲವತ್ತು ವರ್ಷ ಗಾಡಿ ಕಟ್ಟಿಕೊಂಡು ನೇರ ಆದೋನಿ ಯಾರ್ಡಿಗೆ ಹೋಗಿ ಬಂದ ರೈತನಿಗೆ ಇದು ಎಷ್ಟು ಕಷ್ಟವೋ, ನಿಮಗೆ ಹೊಸ ಆಟದ ಪೋರ್ಟಲ್ ಅಷ್ಟೇ ಕಷ್ಟವಾಯಿತು. ಗುರುತಿನ ದಾರಿ ಮುಚ್ಚಿದಾಗ ಆಗುವ ತಬ್ಬಿಬ್ಬು ಏನೆಂದು ನಿಮಗೆ ಗೊತ್ತು. ಮುಂದೆ ಮಾರುವ ಹತ್ತಿಯ ನೋಂದಣಿ, ತೇವದ ಲೆಕ್ಕ, ಟ್ರ್ಯಾಕ್ಟರಿನ ಏರ್ಪಾಡು ಇಡಿಯಾಗಿ ನನಗೇ ಬಿಡು ಎಂದು ಅಪ್ಪನನ್ನು ಕೇಳಿ. ಓಣಿಯ ಇಬ್ಬರು ಮೂವರು ಹಿರಿಯರಿಗೂ ಮಾಡಿಕೊಡಿ. ಹದಿನಾಲ್ಕು ಸೀಸನ್ ಯಾರ ಸಂಬಳ ಎಷ್ಟು, ಯಾರ ಗಾಯ ಯಾವಾಗ ಮಾಯುತ್ತದೆ ಎಂದು ನೆನಪಿಟ್ಟವರಿಗೆ ಇದು ದೊಡ್ಡದಲ್ಲ. ಅಪ್ಪ ಮೊದಲ ಸಲಕ್ಕೇ ಒಪ್ಪದಿರಬಹುದು. ನಂಬಿಕೆ ಹೋದದ್ದು ಒಂದು ಬೆಳಗಿನಲ್ಲಿ, ಮರಳಿ ಬರಲು ಹಲವು ಬೆಳಗು ಹಿಡಿಯುತ್ತದೆ.

ಆಟವನ್ನು ಪೂರ್ತಿ ಬಿಡಿ ಎಂದು ನಾನು ಹೇಳುತ್ತಿಲ್ಲ. ಆದರೆ ಅದರ ಸ್ವಭಾವ ತಿಳಿದಿರಲಿ. ಈ ಆಟಕ್ಕೆ ತಾನಾಗಿ ನಿಲ್ಲುವ ಜಾಗವಿಲ್ಲ. ಪಂದ್ಯ ಮುಗಿದರೆ ಪತ್ರಕರ್ತರ ಪ್ರಶ್ನೆ, ಅದು ಮುಗಿದರೆ ಯಾರದೋ ಮಂಡಿಗೆ ಪೆಟ್ಟು, ಅಷ್ಟರಲ್ಲಿ ಇನ್ನೊಂದು ಕ್ಲಬ್ಬಿನ ಕರೆ. ‘ಇದೊಂದು’ ಎಂದುಕೊಂಡೇ ರಾತ್ರಿ ಎರಡಾಗುತ್ತದೆ. ಅದಕ್ಕೇ ನಿಲ್ಲುವ ಜಾಗವನ್ನು ಆಡಲು ಕೂರುವ ಮೊದಲೇ ಗೊತ್ತು ಮಾಡಿ: ಇವತ್ತು ಎರಡು ಪಂದ್ಯ, ಸೇವ್, ಮುಚ್ಚು. ಮೊದಲ ಎರಡು ವಾರ ಆಟವೇ ಬೇಡ, ಮನಸ್ಸು ತಣ್ಣಗಾಗಲಿ, ನಿದ್ದೆ ಜಾಗಕ್ಕೆ ಬರಲಿ. ರಾತ್ರಿ ಲ್ಯಾಪ್‌ಟಾಪ್ ಅವ್ವನ ಕೋಣೆಯಲ್ಲಿರಲಿ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ತಟ್ಟಿದ್ದು ತಂಗಿಯ ಸಾಲು. ಹೊಸ ಆವೃತ್ತಿಯಲ್ಲಿ ಬಂದ ಎಲ್ಲ ಬದಲಾವಣೆಗಳಲ್ಲಿ, ಮನೆಯವರೊಬ್ಬರನ್ನು ನಿಮ್ಮ ಪಕ್ಕಕ್ಕೆ ಕರೆತಂದದ್ದು ಒಂದೇ, ಮಹಿಳಾ ಫುಟ್‌ಬಾಲ್. ಈ ಸರಣಿಯಲ್ಲಿ ಮಹಿಳಾ ಲೀಗುಗಳು ಬಂದಿರುವುದು ಇದೇ ಮೊದಲು. ಆ ಹುಡುಗಿ ಬೇಸರ ಕಳೆಯಲು ಬಂದಿರಲಿಲ್ಲ, ತನ್ನಂಥವರು ಅಲ್ಲಿದ್ದಾರಂತೆ ಎಂದು ನೋಡಲು ಬಂದಿದ್ದಳು. ಅವಳ ಕ್ಷಮೆ ಕೇಳಿ. ನಿಮಗಿಂತ ಚಿಕ್ಕವಳಾದರೂ ಕೇಳಿ. ಎರಡು ವಾರ ಕಳೆದ ಮೇಲೆ ಭಾನುವಾರ ಹಗಲು ಹೊತ್ತು, ಪಡಸಾಲೆಯಲ್ಲಿ, ಇಂಗ್ಲೆಂಡಿನದೋ ಅಮೆರಿಕದದೋ ಮಹಿಳಾ ತಂಡವೊಂದನ್ನು ಅವಳ ಕೈಗೆ ಕೊಡಿ. ನಿಮಗೂ ಹೊಸದು, ಅವಳಿಗೂ ಹೊಸದು. ತಪ್ಪಾದರೆ ಇಬ್ಬರಿಗೂ ತಪ್ಪಾಗುತ್ತದೆ. 2025ರ ಜುಲೈನಲ್ಲಿ ನಮ್ಮ ಹೆಣ್ಣುಮಕ್ಕಳ ತಂಡ ಥಾಯ್ಲೆಂಡನ್ನು ಅದರ ನೆಲದಲ್ಲೇ 2-1ರಿಂದ ಸೋಲಿಸಿ ಏಷ್ಯಾ ಕಪ್‌ಗೆ ಅರ್ಹತೆ ಪಡೆದ ಸುದ್ದಿ ಹೇಳಿ. ದೂರವೇನೂ ಬೇಡ, ಅನಂತಪುರದಲ್ಲಿ ಆರ್‌ಡಿಟಿ ಸಂಸ್ಥೆಯ ಕ್ರೀಡಾಗ್ರಾಮದಲ್ಲಿ ಹಳ್ಳಿಯ ಹೆಣ್ಣುಮಕ್ಕಳು ಬೂಟು ಕಟ್ಟಿ ಫುಟ್‌ಬಾಲ್ ಕಲಿತಿದ್ದಾರೆ. ಅವಳಿಗೆ ಮೈದಾನದ ಆಸೆ ಹುಟ್ಟಿದರೆ ಅದನ್ನು ಮನೆಯಲ್ಲಿ ಮಾತಾಡಿ ಒಪ್ಪಿಸಬಲ್ಲವರು ನೀವೇ.

ಇದನ್ನು ಓದುತ್ತಿರುವ ತಂದೆತಾಯಂದಿರಿಗೆ ಒಂದು ವಿನಂತಿ. ಸಿಟ್ಟಿನಲ್ಲಿ ಲ್ಯಾಪ್‌ಟಾಪ್ ಒಡೆಯಬೇಡಿ, ಮಾತು ಬಿಡಬೇಡಿ. ಮಗ ಅದರಲ್ಲಿ ಏನು ಮಾಡುತ್ತಾನೆಂದು ಹತ್ತು ನಿಮಿಷ ಪಕ್ಕದಲ್ಲಿ ಕೂತು ಕೇಳಿ. ಎಷ್ಟು ಹೊತ್ತು ಆಡುತ್ತಾನೆ ಎಂಬುದರ ಜೊತೆಗೆ, ಆಟವಿಲ್ಲದ ಹೊತ್ತಿನಲ್ಲಿ ಅವನಿಗೆ ಮನೆಯಲ್ಲಿ ಏನು ಸ್ಥಾನವಿದೆ ಎಂಬುದನ್ನೂ ಯೋಚಿಸಿ.

‘ನನಗೇನಾದರೂ ಆಗಿದೆಯೇ’ ಎಂದು ಕೇಳಿದ್ದೀರಿ. ಪತ್ರ ಓದಿ ನಾನು ರೋಗದ ಹೆಸರು ಹೇಳಲಾರೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಆಟದ ಗೀಳು ಸೇರಿದೆ, 2022ರ ಜನವರಿ 1ರಿಂದ ಆ ಪಟ್ಟಿ ಜಾರಿಯಲ್ಲಿದೆ. ಅದು ನೋಡುವುದು ಮುಖ್ಯವಾಗಿ ಮೂರು ಸಂಗತಿ: ಆಟದ ಮೇಲೆ ಹಿಡಿತವೇ ಇಲ್ಲದಿರುವುದು, ಊಟ ನಿದ್ದೆ ಕೆಲಸ ನಂಟಸ್ತಿಕೆ ಎಲ್ಲಕ್ಕಿಂತ ಆಟವೇ ಮೇಲಾಗುವುದು, ನಷ್ಟ ಕಣ್ಣಿಗೆ ಕಂಡರೂ ಮುಂದುವರಿಸುವುದು. ಇದು ಸಾಮಾನ್ಯವಾಗಿ ವರ್ಷದ ಮಟ್ಟಿಗೆ ಇರಬೇಕು. ಒಂದು ಕೆಟ್ಟ ರಾತ್ರಿಯಿಂದ ಹಾಗೆಂದು ತೀರ್ಮಾನಿಸಲಾಗದು. ಆದರೆ ಮೇಲೆ ಹೇಳಿದ ಎರಡು ವಾರ ಬಿಟ್ಟಿರಲು ಸಾಧ್ಯವೇ ಆಗದಿದ್ದರೆ, ಅಥವಾ ಆಟವಿರಲಿ ಬಿಡಲಿ ಯಾವುದರಲ್ಲೂ ಮನಸ್ಸು ನಿಲ್ಲದೆ, ಬದುಕೇ ಬೇಡ ಎನಿಸತೊಡಗಿದರೆ, ಒಂದು ದಿನವೂ ಕಾಯಬೇಡಿ. ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ಹಗಲೂ ರಾತ್ರಿಯೂ ಇರುತ್ತದೆ. ಆದೋನಿ, ಆಲೂರು ತಾಲ್ಲೂಕುಗಳು 1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಆಂಧ್ರಕ್ಕೆ ಸೇರಿದ ಮೇಲೂ ಮನೆಯಲ್ಲಿ ಕನ್ನಡವನ್ನೇ ಆಡುವ ಕುಟುಂಬಗಳು ಅಲ್ಲಿ ಬಹಳ. ಸಂಕಟ ಹೇಳಿಕೊಳ್ಳಲು ಮನೆಮಾತು ಬೇಕಾದರೆ ಆ ಸಹಾಯವಾಣಿಯಲ್ಲಿ ಕನ್ನಡ ಕೇಳಿ, ತೆಲುಗಿನಲ್ಲಿ ಸಲೀಸೆನಿಸಿದರೆ ತೆಲುಗು. ಮುಖತಃ ಮಾತಾಡಬೇಕೆಂದರೆ ಕರ್ನೂಲಿನ ಸರ್ಕಾರಿ ಸಾಮಾನ್ಯ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಮೊಬೈಲ್, ಕಂಪ್ಯೂಟರ್ ಬಳಕೆಯ ತೊಂದರೆಗಳಿಗೇ ‘ಶಟ್’ ಎಂಬ ಪ್ರತ್ಯೇಕ ಕ್ಲಿನಿಕ್ ನಡೆಯುತ್ತಿದೆ. ಹೋಗುವಾಗ ಅಪ್ಪನನ್ನೋ ಅವ್ವನನ್ನೋ ಜೊತೆಗೆ ಕರೆದುಕೊಂಡು ಹೋಗಿ.